ಕ್ರೂಸ್ ನಡುವೆ ಸಫಾರಿ: ಅಡ್ಡೊನಾ, ಖಾಸಗಿ ಲಾಡ್ಜಾ, ಹಡಗಿನವರ ಟೂರಾ?

ಹಡಗಿನಲ್ಲಿ ಹೋಗುವವರಿಗೆ ಸಫಾರಿಯ ದೊಡ್ಡ ತೊಡಕು ಹೊತ್ತಿನದು. ಬೆಳಗ್ಗೆ ಏಳೆಂಟು ಗಂಟೆಗೆ ಹಡಗು ಬಂದರು ಸೇರುತ್ತದೆ. ಇಳಿದು ಗಾಡಿ ಹತ್ತುವಷ್ಟರಲ್ಲಿ ಒಂಬತ್ತಾಗುತ್ತದೆ. ಸಂಜೆ ಐದರ ಸುಮಾರಿಗೆ ಎಲ್ಲರೂ ವಾಪಸ್ ಒಳಗಿರಬೇಕು. ಕಾಡಿನ ಪ್ರಾಣಿಗಳು ಜಾಸ್ತಿ ಓಡಾಡುವುದೋ ಬೆಳಗಿನ ಜಾವ ಮತ್ತು ಇಳಿಹೊತ್ತು. ಅಂದರೆ ಒಂದು ಹಗಲಿನ ನಿಲುಗಡೆಯಲ್ಲಿ ನಮಗೆ ಸಿಗುವುದು ಕಾಡು ನೆರಳು ಹುಡುಕಿ ಮಲಗುವ ಸಮಯ. ಯಾವ ಸಫಾರಿ ಒಳ್ಳೆಯದು ಎಂದು ಕೇಳುವವರಿಗೆಲ್ಲ ನಾನು ಮೊದಲು ಇದನ್ನೇ ಹೇಳುತ್ತೇನೆ. ಉಳಿದದ್ದೆಲ್ಲ ಆಮೇಲೆ.

ನಾನು, ನಮ್ಮವರು ಇಬ್ಬರೂ ಮೈಸೂರಿನವರು. ಕಬಿನಿ, ಬಂಡೀಪುರದ ಜೀಪು ನಮಗೆ ಹೊಸದಲ್ಲ. ಆಫ್ರಿಕಾದ ಕಾಡು ಮಾತ್ರ ಇದೇ ಮೊದಲು. ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಿಂದ ಹೊರಟ ಹಡಗು ನಮ್ಮದು. ಅದು ಗೆಬೆರ್ಹಾ ಬಂದರಿನಲ್ಲಿ ಒಂದು ರಾತ್ರಿ ನಿಂತಿತು, ಮುಂದೆ ರಿಚರ್ಡ್ಸ್ ಬೇಯಲ್ಲಿ ಒಂದು ಹಗಲು. ಕ್ರಿಕೆಟ್ ನೋಡುವವರಿಗೆ ಪೋರ್ಟ್ ಎಲಿಜಬೆತ್ ಎಂದರೆ ಬೇಗ ತಿಳಿಯುತ್ತದೆ. 2021ರಿಂದ ಆ ಊರಿನ ಹೆಸರೇ ಗೆಬೆರ್ಹಾ. ರಾತ್ರಿ ನಿಲ್ಲುವ ಹಡಗು ಸಿಕ್ಕಿದ್ದರಿಂದಲೇ ಮೂರು ಥರದ ಸಫಾರಿ ಮಾಡಿ ನೋಡಲು ಆಯಿತು: ಅಡ್ಡೊ ಎಲಿಫೆಂಟ್ ನ್ಯಾಷನಲ್ ಪಾರ್ಕ್‌ಗೆ ಸ್ಥಳೀಯ ಗೈಡ್ ಜೊತೆ, ಅಲ್ಲೇ ಹತ್ತಿರದ ಖಾಸಗಿ ಕಾಡಿನ ದುಬಾರಿ ಲಾಡ್ಜಿನಲ್ಲಿ ಒಂದು ರಾತ್ರಿ, ಆಮೇಲೆ ರಿಚರ್ಡ್ಸ್ ಬೇಯಿಂದ ಹಡಗಿನವರೇ ಏರ್ಪಡಿಸಿದ ಹ್ಲುಹ್ಲುವೆ-ಇಂಫೊಲೋಜಿ ಕಾಡಿನ ಟೂರ್.

ಅಡ್ಡೊದಿಂದ ಶುರು ಮಾಡುತ್ತೇನೆ. ಬಂದರಿನ ಗೇಟಿನ ಹೊರಗೆ ಗೈಡ್ ಕಾಯುತ್ತಿದ್ದರು. ಗಾಡಿ ಹತ್ತುವ ಮೊದಲೇ ಅವರು ಕೇಳಿದ ಪ್ರಶ್ನೆ, 'ಚೀಲದಲ್ಲಿ ಕಿತ್ತಳೆ, ನಿಂಬೆ ಏನಾದರೂ ಇದೆಯಾ?' ಇದ್ದರೆ ಇಲ್ಲೇ ಬಿಟ್ಟು ಬನ್ನಿ ಎಂದರು. ಅಡ್ಡೊ ಕಾಡಿನೊಳಗೆ ಈ ಜಾತಿಯ ಹಣ್ಣು ಒಯ್ಯುವಂತಿಲ್ಲ. ಕಾರಣವನ್ನು ದಾರಿಯುದ್ದಕ್ಕೂ ಹೇಳಿದರು. ಆ ಸೀಮೆ ಕಿತ್ತಳೆ ತೋಟಗಳಿಗೆ ಹೆಸರಾದದ್ದು. ಆನೆಗಳಿಗೂ ರೈತರಿಗೂ ಜಗಳ. 1919ರಲ್ಲಿ ಆನೆಗಳನ್ನು ಮುಗಿಸಲು ಸರ್ಕಾರವೇ ಒಬ್ಬ ಬೇಟೆಗಾರನನ್ನು ನೇಮಿಸಿತು. ಆತ ನೂರಕ್ಕೂ ಹೆಚ್ಚು ಆನೆಗಳನ್ನು ಕೊಂದ. 1931ರಲ್ಲಿ ಪಾರ್ಕ್ ಮಾಡಿದಾಗ ಉಳಿದದ್ದು ಬರೀ 11. ಅವು ಮತ್ತೆ ತೋಟಕ್ಕೆ ನುಗ್ಗದಿರಲಿ ಎಂದು ಪಾರ್ಕಿನವರು ಒಳಗೇ ಕಿತ್ತಳೆ ಸುರಿದು ತಿನ್ನಿಸುತ್ತಿದ್ದರು. ಆನೆಗಳಿಗೆ ಅದರ ಚಟ ಹತ್ತಿತು. ವಾಸನೆ ಬಂದರೆ ಗಾಡಿಗಳನ್ನೂ ಬಿಡುತ್ತಿರಲಿಲ್ಲ. 1954ರಲ್ಲಿ ಹಳೆಯ ಟ್ರಾಮ್ ಕಂಬಿ, ಲಿಫ್ಟಿನ ಹಗ್ಗಗಳಿಂದ ಗಟ್ಟಿ ಬೇಲಿ ಹಾಕಿದ ಮೇಲೆಯೇ ಎರಡೂ ಕಡೆಗೆ ನೆಮ್ಮದಿ. ಈಗ ಅಲ್ಲಿ 600ಕ್ಕೂ ಹೆಚ್ಚು ಆನೆಗಳಿವೆ.

ದಕ್ಷಿಣದ ಮಟ್ಯೋಲ್ವೇನಿ ಗೇಟಿನಿಂದ ಒಳಗೆ ಹೋದೆವು. ಬಂದರಿನಿಂದ ಬರುವವರಿಗೆ ಇದೇ ಹತ್ತಿರ. ಮುಖ್ಯ ಕ್ಯಾಂಪ್ ಇನ್ನೂ ಮುಂದೆ, ಊರಿನಿಂದ ಸುಮಾರು 70 ಕಿಲೋಮೀಟರ್. ಕಾಡು ಅಂದರೆ ನಮ್ಮ ನಾಗರಹೊಳೆಯ ಹಾಗೆ ಎತ್ತರದ ಮರಗಳಿಲ್ಲ. ಎಲ್ಲಿ ನೋಡಿದರೂ ಆಳೆತ್ತರದ ಪೊದೆ, ಅದರಲ್ಲೂ ಸ್ಪೆಕ್‌ಬೂಮ್ ಎಂಬ ದಪ್ಪ ಪುಟ್ಟ ಎಲೆಯ ಗಿಡ. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ನರ್ಸರಿಗಳಲ್ಲಿ ಜೇಡ್ ಪ್ಲಾಂಟ್ ಎಂದು ಕುಂಡದಲ್ಲಿ ಮಾರುತ್ತಾರಲ್ಲ, ಅದೇ ಗಿಡ. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಅದು, ಆನೆಗಳಿಗೆ ಅದೇ ಊಟ.

ಹಾಪೂರ್ ಎಂಬ ನೀರಿನ ಹೊಂಡದ ಬಳಿ ಗೈಡ್ ಎಂಜಿನ್ ಆರಿಸಿದರು. ಸುಡು ಮಧ್ಯಾಹ್ನ. ಬೇರೆ ಕಾಡಿನಲ್ಲಾದರೆ ಇದು ಏನೂ ಕಾಣದ ಹೊತ್ತು. ಅಡ್ಡೊದಲ್ಲಿ ಇದೇ ಒಳ್ಳೆಯ ಹೊತ್ತು, ಬಿಸಿಲು ಏರಿದಷ್ಟೂ ಆನೆಗಳು ನೀರಿಗೆ ಬರುತ್ತವೆ. ಮೊದಲು ಒಂದು ಹಿರಿಯ ಹೆಣ್ಣಾನೆ ಪೊದೆಯಿಂದ ಹೊರಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೀರು ಕಂಡದ್ದೇ ಮರಿಗಳು ಕೊನೆಯ ಐವತ್ತು ಮಾರು ಓಡಿಕೊಂಡೇ ಬಂದವು, ಸೊಂಡಿಲು ಹೇಗೆಂದರೆ ಹಾಗೆ ಬೀಸುತ್ತಾ. ಇನ್ನೂ ಎರಡು ಹಿಂಡು ಎದುರು ದಿಕ್ಕಿನಿಂದ ಬಂದು ಸೇರಿದವು. ಒಂದು ಆನೆ ನಮ್ಮ ಕಿಟಕಿಯ ಪಕ್ಕದಲ್ಲೇ ಹಾದು ಹೋಯಿತು. ಚರ್ಮದ ಸುಕ್ಕುಗಳಲ್ಲಿ ಒಣಗಿದ ಕೆಮ್ಮಣ್ಣು, ಕಿವಿ ಬೀಸಿದರೆ ಪಟ್ ಎನ್ನುವ ಸದ್ದು, ಹೊಟ್ಟೆಯೊಳಗಿನ ಗುಡುಗುಡು ಕೂಡ ಕೇಳಿಸುತ್ತಿತ್ತು. ಅಷ್ಟು ಹೊತ್ತು ನಮ್ಮವರು ಕ್ಯಾಮೆರಾ ಮುಟ್ಟಲೇ ಇಲ್ಲ.

ಗಮನಿಸಿ ನೋಡಿದರೆ ಒಂದು ಹೆಣ್ಣಾನೆಗೂ ದಂತ ಕಾಣಲಿಲ್ಲ. ಕಬಿನಿ ನೋಡಿದ ಕಣ್ಣಿಗೆ ಅದು ಸಹಜ, ನಮ್ಮ ಹೆಣ್ಣಾನೆಗಳಿಗೂ ಹೊರಗೆ ಕಾಣುವ ದಂತ ಇಲ್ಲವಲ್ಲ. ಆದರೆ ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಇರುವುದೇ ವಾಡಿಕೆ. ಅಡ್ಡೊದ ಹಿಂಡುಗಳು ಬೇಟೆಯಲ್ಲಿ ಬದುಕುಳಿದ ಆ ಬೆರಳೆಣಿಕೆಯ ಆನೆಗಳ ಸಂತತಿ. ಅದಕ್ಕೇ ಇಲ್ಲಿ ಹೆಚ್ಚಿನ ಹೆಣ್ಣಾನೆಗಳಿಗೆ ದಂತವಿಲ್ಲ. ಗೈಡ್ ಇದನ್ನು ಹೇಳಿದಾಗ ಎದುರಿಗಿದ್ದ ಹಿಂಡನ್ನು ನೋಡಿ ಎದೆ ಭಾರವಾಯಿತು.

ಅಡ್ಡೊದಲ್ಲಿ ಕೊರತೆಯೂ ಇದೆ. ರಸ್ತೆ ಬಿಟ್ಟು ಗಾಡಿ ಇಳಿಸುವಂತಿಲ್ಲ. ಪೊದೆ ದಟ್ಟ, ಹತ್ತು ಹೆಜ್ಜೆ ಆಚೆ ಸಿಂಹ ಮಲಗಿದ್ದರೂ ಕಾಣದು. ನಮಗೆ ಸಿಂಹ ಸಿಗಲಿಲ್ಲ. ಜೀಬ್ರಾ, ಕುಡು ಎಂಬ ದೊಡ್ಡ ಜಿಂಕೆ, ಕಾಡೆಮ್ಮೆ, ಕಾಡುಹಂದಿಯಂಥ ವಾರ್ಟ್‌ಹಾಗ್ ಧಾರಾಳವಾಗಿ ಸಿಕ್ಕವು. ಹಾರಲಾರದ ಸಗಣಿ ಹುಳವೊಂದು ಆನೆ ಲದ್ದಿಯ ಉಂಡೆಯನ್ನು ಹಿಂಗಾಲಿನಿಂದ ತಳ್ಳಿಕೊಂಡು ರಸ್ತೆ ದಾಟುತ್ತಿತ್ತು. ಅದು ದಾಟಿ ಮುಗಿಯುವ ತನಕ ಗಾಡಿ ನಿಲ್ಲಿಸಲೇಬೇಕು, ಹಾಗೆಂದು ಬೋರ್ಡೇ ಹಾಕಿದ್ದಾರೆ. ಅಂಥ ಬೋರ್ಡು ಹಾಕಿರುವ ಪಾರ್ಕಿನ ಮೇಲೆ ನನಗೆ ತುಂಬಾ ಗೌರವ.

ಮಧ್ಯಾಹ್ನ ಮೂರೂವರೆಗೆ ಅದೇ ಗೈಡ್ ನಮ್ಮನ್ನು ಖಾಸಗಿ ಲಾಡ್ಜಿಗೆ ಬಿಟ್ಟರು. ಅಡ್ಡೊ ಸುತ್ತಮುತ್ತ ಇಂಥವು ಹಲವು: ಶಾಮ್ವಾರಿ, ಕರೀಗಾ, ಅಮಖಾಲ. ಹೆಚ್ಚಿನವು ಒಂದು ಕಾಲಕ್ಕೆ ಕುರಿ, ದನ ಸಾಕುವ ಜಮೀನುಗಳು. ಶಾಮ್ವಾರಿ ಶುರುವಾದದ್ದೇ 1990ರ ದಶಕದಲ್ಲಿ. ಬೇಲಿ ಕಿತ್ತು, ಜಮೀನು ಒಂದು ಮಾಡಿ, ಪ್ರಾಣಿಗಳನ್ನು ಹೊರಗಿನಿಂದ ತಂದು ಬಿಟ್ಟು ಕಟ್ಟಿದ ಕಾಡುಗಳು ಇವು. ಹಾಗಾದರೆ ಇದು ನಿಜವಾದ ಕಾಡೇ ಅಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಮೇಯ್ದು ಬರಡಾಗಿದ್ದ ನೆಲದಲ್ಲಿ ಮತ್ತೆ ಹುಲ್ಲು, ಜಿಂಕೆ, ಅದರ ಹಿಂದೆ ಸಿಂಹ ಬಂದಿದ್ದರೆ ಅದನ್ನು ಚಿಕ್ಕದು ಮಾಡಬಾರದು.

ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಡಾರದ ಬಟ್ಟೆಯ ಗೋಡೆ, ಒಳಗೆ ದೊಡ್ಡ ಮಂಚ, ಹೊರಗೆ ಪುಟ್ಟ ಈಜುಕೊಳ, ಎಲ್ಲ ಚೆಂದ. ಆದರೆ ನಾವು ಅಲ್ಲಿ ಎಚ್ಚರವಿದ್ದದ್ದೇ ಕಡಿಮೆ. ಬಂದು ಚಹಾ ಕುಡಿದು ನಾಲ್ಕಕ್ಕೆ ಗಾಡಿ, ಎಂಟರ ನಂತರ ಊಟ, ಬೆಳಗ್ಗೆ ಐದಕ್ಕೆ ಬಾಗಿಲು ತಟ್ಟಿ ಎಬ್ಬಿಸುತ್ತಾರೆ.

ದುಡ್ಡಿಗೆ ತಕ್ಕ ಬೆಲೆ ಇರುವುದು ಗಾಡಿಯಲ್ಲಿ. ನಾಲ್ಕು ಕಡೆಯೂ ತೆರೆದ ಲ್ಯಾಂಡ್ ಕ್ರೂಸರ್, ಅದರಲ್ಲಿ ನಾವಿಬ್ಬರು ಮತ್ತು ಇನ್ನೊಂದು ಜೋಡಿ. ಓಡಿಸುವವರು ರೇಂಜರ್. ಮುಂದೆ ಬಾನೆಟ್ ಮೂಲೆಯಲ್ಲಿ ಒಂದು ಸಣ್ಣ ಸೀಟು, ಅಲ್ಲಿ ಹೆಜ್ಜೆ ಗುರುತು ಹಿಡಿಯುವ ಟ್ರ್ಯಾಕರ್ ಕೂರುತ್ತಾರೆ. ಬೆಳಗಿನ ಜಾವ ಟ್ರ್ಯಾಕರ್ ಕೈ ಎತ್ತಿ ಗಾಡಿ ನಿಲ್ಲಿಸಿ ಕೆಳಗಿಳಿದರು. ಮಣ್ಣಿನ ದಾರಿಯಲ್ಲಿ ಹಿಂದಿನ ರಾತ್ರಿ ನಾವೇ ಹೋಗಿದ್ದ ಚಕ್ರದ ಗುರುತು. ಅದರ ಮೇಲೆ ಸಿಂಹಿಯ ಹೆಜ್ಜೆ, ಪಕ್ಕದಲ್ಲಿ ಚಿಕ್ಕ ಚಿಕ್ಕ ಹೆಜ್ಜೆಗಳು. ಚಕ್ರದ ಗುರುತಿನ ಮೇಲೆ ಬಿದ್ದಿದೆ ಎಂದರೆ ನಾವು ಹೋದ ಮೇಲೆ ಬಂದದ್ದು. ಅಂಚು ಇನ್ನೂ ಉದುರಿಲ್ಲ, ಹೆಜ್ಜೆಯೊಳಗೆ ಇಬ್ಬನಿ ಬಿದ್ದಿಲ್ಲ, ಹಾಗಾಗಿ ತುಂಬ ಹೊತ್ತಾಗಿಲ್ಲ. ಇಷ್ಟನ್ನೂ ಅವರು ಬೆರಳಿಟ್ಟು ತೋರಿಸಿದರು. ಆಮೇಲೆ ಗಾಡಿ ದಾರಿ ಬಿಟ್ಟು ಹುಲ್ಲಿಗೆ ಇಳಿಯಿತು. ಕಬಿನಿಯಲ್ಲಿ ಇದು ಸಾಧ್ಯವೇ ಇಲ್ಲ, ಸಫಾರಿ ದಾರಿ ಬಿಟ್ಟು ಅಲ್ಲಾಡುವಂತಿಲ್ಲ. ಅರ್ಧ ಗಂಟೆಯಲ್ಲಿ ಸಿಂಹಿ ಸಿಕ್ಕಳು, ಮರಿಗಳು ಅವಳ ಬಾಲ ಹಿಡಿದು ಎಳೆಯುತ್ತಿದ್ದವು. ಇನ್ನೊಂದು ಗಾಡಿ ಬಂತು, ಅಷ್ಟೇ. ಒಂದು ಪ್ರಾಣಿಯ ಬಳಿ ಎಷ್ಟು ಗಾಡಿ ನಿಲ್ಲಬೇಕೆಂದು ರೇಂಜರ್‌ಗಳು ರೇಡಿಯೋದಲ್ಲೇ ಮಾತಾಡಿಕೊಳ್ಳುತ್ತಾರೆ. ನೂಕುನುಗ್ಗಲು ಇಲ್ಲ, ಕೂಗಾಟ ಇಲ್ಲ.

ಅಲ್ಲಿ ಘೇಂಡಾಮೃಗಗಳೂ ಇದ್ದವು, ಕೊಂಬು ಮಾತ್ರ ಕತ್ತರಿಸಿತ್ತು. ಕಳ್ಳಬೇಟೆಯವರು ಬರದಿರಲಿ ಎಂದು ಅರಿವಳಿಕೆ ಕೊಟ್ಟು ಕತ್ತರಿಸುತ್ತಾರೆ. ಕೊಂಬು ನಮ್ಮ ಉಗುರಿನ ಹಾಗೇ ಕೆರಾಟಿನ್‌ನಿಂದ ಆದದ್ದು, ಮತ್ತೆ ಬೆಳೆಯುತ್ತದೆ. ಫೋಟೋ ಹಾಕುವಾಗ ಜಾಗದ ಹೆಸರು ಹಾಕಬೇಡಿ ಎಂದು ರೇಂಜರ್ ಕೇಳಿಕೊಂಡರು. ದಯವಿಟ್ಟು ನೀವೂ ಹಾಕಬೇಡಿ.

ಖರ್ಚು: ಒಬ್ಬರಿಗೆ ಒಂದು ರಾತ್ರಿಗೆ ಲಕ್ಷ ರೂಪಾಯಿಯ ಹತ್ತಿರ ಬಂತು. ಊಟ, ತಿಂಡಿ, ಎರಡು ಸಫಾರಿ ಎಲ್ಲ ಅದರಲ್ಲೇ. ರೇಂಜರ್ ಮತ್ತು ಟ್ರ್ಯಾಕರ್ ಇಬ್ಬರಿಗೂ ಟಿಪ್ಸ್ ಬೇರೆ. ಅಡ್ಡೊದಲ್ಲಿ ಪ್ರವೇಶ ಶುಲ್ಕ, ಗೈಡ್, ಗಾಡಿ ಸೇರಿ ಇಬ್ಬರಿಗೂ ಆದದ್ದು ಅದರ ಸಣ್ಣ ಪಾಲು. ಊಟದ ಚಿಂತೆ ಸಸ್ಯಾಹಾರಿಗಳಾದ ನಮಗೆ ಇತ್ತು. ಮೊದಲೇ ಬರೆದು ತಿಳಿಸಿದ್ದರಿಂದ ಮೆಕ್ಕೆಜೋಳದ ಮುದ್ದೆಯಂಥ ಪಾಪ್, ಖಾರದ ಚಕಲಕಾ ಪಲ್ಯ, ಕುಂಬಳಕಾಯಿ ಸುಟ್ಟದ್ದು ಎಲ್ಲ ಮಾಡಿದ್ದರು. ಚಕಲಕಾ ನಮ್ಮವರಿಗೆ ಎಷ್ಟು ಹಿಡಿಸಿತೆಂದರೆ ಎರಡು ಸಲ ಹಾಕಿಸಿಕೊಂಡರು.

ಇನ್ನು ರಿಚರ್ಡ್ಸ್ ಬೇ. ಇದು ಕಲ್ಲಿದ್ದಲು ಸಾಗಿಸುವ ದೊಡ್ಡ ಬಂದರು, ನೋಡಲು ಅಲ್ಲೇನಿಲ್ಲ. ಆದರೆ ಅಲ್ಲಿಂದ ಹೋಗುವ ಹ್ಲುಹ್ಲುವೆ-ಇಂಫೊಲೋಜಿ ಸಾಮಾನ್ಯ ಜಾಗ ಅಲ್ಲ. ಒಂದು ಕಾಲಕ್ಕೆ ಜುಲು ರಾಜರು ಬೇಟೆಯಾಡುತ್ತಿದ್ದ ನೆಲ. 1895ರಲ್ಲೇ ರಕ್ಷಿತ ಕಾಡು ಎಂದು ಘೋಷಣೆಯಾಯಿತು. ದಕ್ಷಿಣದ ಬಿಳಿ ಘೇಂಡಾಮೃಗ ಜಗತ್ತಿನಲ್ಲಿ ನೂರೂ ಇಲ್ಲದಂತಾಗಿ ಉಳಿದದ್ದು ಇಲ್ಲಿ ಮಾತ್ರ. 1960ರ ದಶಕದಲ್ಲಿ ಇಯಾನ್ ಪ್ಲೇಯರ್ ಎಂಬ ವನ್ಯಜೀವಿ ಸಂರಕ್ಷಕ ಮತ್ತು ಜೊತೆಯವರು ಇಲ್ಲಿಂದಲೇ ಅವುಗಳನ್ನು ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ಲಾಡ್ಜಿನಲ್ಲಿ ನಾವು ನೋಡಿದ ಬಿಳಿ ಘೇಂಡಾಮೃಗದ ಪೂರ್ವಿಕರೂ ಇಲ್ಲಿಯವೇ.

ಕಾಡು ಇಷ್ಟು ದೊಡ್ಡದಾದರೂ ಟೂರ್ ಅದಕ್ಕೆ ನ್ಯಾಯ ಮಾಡಲಿಲ್ಲ. ಹಡಗಿನ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ನಂಬರ್ ಚೀಟಿ ಅಂಟಿಸಿದರು. ಬಸ್ಸಿಗೆ ಕಾಯಬೇಕಾಯಿತು. ಗೇಟಿನಲ್ಲಿ ಬಸ್ಸಿಳಿದು ಹತ್ತು ಸೀಟಿನ ಜೀಪಿಗೆ ಹತ್ತಬೇಕಾಯಿತು. ನಡುವೆ ಬಫೆ ಊಟಕ್ಕೆ ಒಂದು ಗಂಟೆ ಮೇಲೆ ಹೋಯಿತು. ಕಾಡಿನೊಳಗೆ ಸಿಕ್ಕ ಸಮಯ ಕಡಿಮೆ. ಜೀಪಿನ ನಡುವಿನ ಸೀಟಿನವರಿಗೆ ಎರಡೂ ಕಡೆ ಬೇರೆಯವರ ತಲೆ. ಬಿಸಿಲಿಗೆ ಕೆಸರಿನಲ್ಲಿ ಹೊರಳುತ್ತಿದ್ದ ಘೇಂಡಾಮೃಗ, ನ್ಯಾಲಾ ಎಂಬ ಜಿಂಕೆ, ಗುಡ್ಡದ ಮೇಲೆ ಜಿರಾಫೆಗಳು ಸಿಕ್ಕವು. ಒಂದೊಂದನ್ನೂ ಇನ್ನೂ ಸ್ವಲ್ಪ ಹೊತ್ತು ನೋಡಬೇಕೆನ್ನುವಾಗಲೇ ಜೀಪು ಹೊರಡುತ್ತಿತ್ತು. ಜೀಪಿನ ಗೈಡ್ ಮಾತ್ರ ಬಹಳ ತಿಳಿದವರು, ಅವರ ಜೊತೆ ಇಡೀ ದಿನ ಸಿಗಬೇಕಿತ್ತು.

ಹಡಗಿನವರ ಟೂರಿಗೆ ಒಂದೇ ದೊಡ್ಡ ಬಲವಿದೆ. ಬಸ್ಸು ತಡವಾದರೂ ಹಡಗು ಕಾಯುತ್ತದೆ. ನೀವೇ ಗಾಡಿ ಮಾಡಿಕೊಂಡು ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ವಯಸ್ಸಾದವರು, ಒಬ್ಬರೇ ಹೋಗುವವರು ಹಡಗಿನವರ ಟೂರನ್ನೇ ತೆಗೆದುಕೊಂಡರೆ ನಾನು ಬೇಡ ಎನ್ನುವುದಿಲ್ಲ. ಉಳಿದವರು ಬಂದರಿನಿಂದ ಒಂದು ಗಂಟೆಯೊಳಗಿನ ಕಾಡು ಆರಿಸಿ, ಹಡಗಿನ ಗಡುವಿಗಿಂತ ಎರಡು ಗಂಟೆ ಮೊದಲೇ ವಾಪಸ್ ಬರುವ ಹಾಗೆ ಗೈಡ್ ಜೊತೆ ಮಾತಾಡಿಕೊಂಡರೆ ಸಾಕು.

ಒಂದೇ ಹಗಲು ಇದ್ದರೆ ನನ್ನ ಮತ ಅಡ್ಡೊಗೆ, ಸಣ್ಣ ಗಾಡಿ, ಸ್ಥಳೀಯ ಗೈಡ್. ಲಾಡ್ಜಿನವರು ಹಡಗಿನವರಿಗಾಗಿ ಮಧ್ಯಾಹ್ನದ ಊಟ, ಎರಡು ಗಂಟೆ ಸಫಾರಿ ಎಂದು ದಿನದ ಪ್ಯಾಕೇಜನ್ನೂ ಕೊಡುತ್ತಾರೆ. ಹಡಗಿನಲ್ಲಿ ನಮ್ಮ ಊಟದ ಟೇಬಲಿನ ಒಂದು ಜೋಡಿ ಅದನ್ನು ಮಾಡಿ ಬಂದಿತ್ತು. ಊಟ ಚೆನ್ನಾಗಿತ್ತಂತೆ, ಸಿಂಹ ಗಿಡದ ಬುಡದಲ್ಲಿ ಮಲಗಿ ಕಿವಿ ಮಾತ್ರ ಅಲ್ಲಾಡಿಸಿತಂತೆ. ಐಷಾರಾಮಿ ಕಾಡಿಗೆ ದುಡ್ಡು ಹಾಕುವುದಾದರೆ ರಾತ್ರಿ ಉಳಿಯಲೇಬೇಕು. ನೀವು ಕೊಳ್ಳುವುದು ಆ ಸಂಜೆಯನ್ನು, ಆ ಬೆಳಗಿನ ಜಾವವನ್ನು.

ಅದಕ್ಕೆ ಹಡಗು ಬುಕ್ ಮಾಡುವ ಮೊದಲೇ ಯಾವ ಬಂದರಿನಲ್ಲಿ ರಾತ್ರಿ ನಿಲ್ಲುತ್ತದೆ ನೋಡಿ. ಎಲ್ಲೂ ನಿಲ್ಲದಿದ್ದರೆ ಪ್ರಯಾಣ ಮುಗಿಯುವ ಊರಿನಲ್ಲಿ ವಿಮಾನವನ್ನು ಎರಡು ದಿನ ಮುಂದಕ್ಕೆ ಹಾಕಿ ಅಲ್ಲಿಂದ ಲಾಡ್ಜಿಗೆ ಹೋಗಿ. ದಕ್ಷಿಣ ಆಫ್ರಿಕಾಕ್ಕೆ ಭಾರತದವರಿಗೆ ವೀಸಾ ಬೇಕು. ಹಡಗು ನಡುವೆ ಮೊಜಾಂಬಿಕ್‌ಗೆ ಹೋಗಿ ಮರಳುವುದಾದರೆ ಒಂದಕ್ಕಿಂತ ಹೆಚ್ಚು ಸಲ ಒಳಬರುವ ವೀಸಾ ಕೇಳಿ. ಕೀನ್ಯಾ ಕಡೆಯಿಂದ ಬರುವ ಹಡಗಾದರೆ ಹಳದಿ ಜ್ವರದ ಲಸಿಕೆ ಪತ್ರವೂ ಇರಲಿ. ಅಡ್ಡೊ ಸೀಮೆಯಲ್ಲಿ ಮಲೇರಿಯಾ ಇಲ್ಲ. ಹ್ಲುಹ್ಲುವೆಗೆ ಹೋಗುವುದಾದರೆ ಡಾಕ್ಟರನ್ನು ಒಮ್ಮೆ ಕೇಳಿ. ಲಾಡ್ಜಿಗೆ ಬರೆಯುವಾಗ ಊಟದ ವಿಷಯದ ಜೊತೆ ನೀವು ಎಷ್ಟು ಗಂಟೆಗೆ ತಲುಪುತ್ತೀರಿ ಎಂದೂ ತಿಳಿಸಿ. ನಾಲ್ಕು ಗಂಟೆಯ ಗಾಡಿ ತಪ್ಪಿದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ಹೋದ ಹಾಗೆ.