ಸೇಂಟ್ ಐವ್ಸ್‌ನ ಸೋಮವಾರದ ಸಂತೆ: ಬುಟ್ಟಿಯ ತಳ ನೋಡಿ ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಇದು ಕಾರ್ನ್‌ವಾಲ್‌ನ ಸಮುದ್ರದ ದಡದ ಸೇಂಟ್ ಐವ್ಸ್ ಅಲ್ಲ. ಕೇಂಬ್ರಿಡ್ಜ್ ಹತ್ತಿರ, ಗ್ರೇಟ್ ಊಸ್ ನದಿಯ ದಂಡೆಯ ಊರು. ಹೆಸರು ಕೇಳಿ ಬೀಚ್ ಚಪ್ಪಲಿ ಹಾಕಿಕೊಂಡು ಹೊರಡಬೇಡಿ.

ಅಮ್ಮನ ಜೊತೆ ಕೇಂಬ್ರಿಡ್ಜ್‌ನಿಂದ ಗೈಡೆಡ್ ಬಸ್ ಹತ್ತಿದೆ. 1970ರಲ್ಲಿ ನಿಂತುಹೋದ ಪ್ರಯಾಣಿಕರ ರೈಲಿನ ದಾರಿಯಲ್ಲಿ ಕಾಂಕ್ರೀಟ್ ಹಳಿ ಹಾಕಿ 2011ರಲ್ಲಿ ಈ ಬಸ್ ಶುರು ಮಾಡಿದರು. ಹಳಿಯೊಳಗೆ ಹೊಕ್ಕ ಮೇಲೆ ಪಕ್ಕದ ಪುಟ್ಟ ಚಕ್ರಗಳೇ ಬಸ್ಸಿಗೆ ದಾರಿ ತೋರಿಸುತ್ತವೆ. ಡ್ರೈವರ್ ಸ್ಟೇರಿಂಗ್ ತಿರುಗಿಸುವುದೇ ಇಲ್ಲ. ಅದು ಗೊತ್ತಾದ ಮೇಲೆ ಅಮ್ಮ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ.

ಸಂತೆ ನಡೆಯುವುದು ಮಾರ್ಕೆಟ್ ಹಿಲ್‌ನಲ್ಲಿ. ಹಿಲ್ ಅಂತ ಹೆಸರು, ಗುಡ್ಡ ನನಗಂತೂ ಕಾಣಲಿಲ್ಲ. 1110ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಹೆನ್ರಿ ರಾಮ್ಸೆ ಮಠದ ಸನ್ಯಾಸಿಗಳಿಗೆ ಇಲ್ಲಿ ಜಾತ್ರೆ ನಡೆಸಲು ಅಪ್ಪಣೆ ಕೊಟ್ಟಿದ್ದ. ಆಗ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಿಂದೆಲ್ಲ ಬಟ್ಟೆ ವ್ಯಾಪಾರಿಗಳು ಬರುತ್ತಿದ್ದರು. ನಮಗೆ ಸಿಕ್ಕಿದ್ದು ಚೀಸ್, ಹೂಗಿಡ, ಮೊಬೈಲ್ ಕವರ್. ಹಳೇ ದನದ ಸಂತೆಯ ಜಾಗ ಕಾರ್ ಪಾರ್ಕ್ ಆಗಿದೆ, ಹೆಸರು ಮಾತ್ರ ಇನ್ನೂ ಕ್ಯಾಟಲ್ ಮಾರ್ಕೆಟ್.

ಒಂದು ಹಣ್ಣಿನ ಅಂಗಡಿಯಲ್ಲಿ ಪ್ಲಮ್ ಬುಟ್ಟಿಗೆ ಎರಡು ಪೌಂಡ್. ಕಾರ್ಡ್ ಮಿಷನ್ ಕೆಟ್ಟಿದೆ, ಕ್ಯಾಶ್ ಕೊಡಿ ಎಂದ. ಅಮ್ಮ ಸುಮ್ನೆ ಇರ್ತಾಳಾ? ಚೀಲ ಅಗಲಿಸಿ ಹಿಡಿದು ಕನ್ನಡದಲ್ಲೇ ಕೊಸರು ಕೇಳಿದಳು. ಅವನಿಗೆ ಏನು ಅರ್ಥವಾಯಿತೋ, ನಗುತ್ತಾ ಇನ್ನೆರಡು ಹಾಕಿದ.

ಪಕ್ಕದಲ್ಲೇ ಹ್ಯಾಟ್ ಹಾಕಿಕೊಂಡು ಕ್ರಾಮ್‌ವೆಲ್ ನಿಂತಿದ್ದಾನೆ, 1901ರ ಪ್ರತಿಮೆ. ರಾಜನ ವಿರುದ್ಧ ಯುದ್ಧ ಮಾಡಿ ಇಂಗ್ಲೆಂಡ್ ಆಳುವುದಕ್ಕೆ ಮುಂಚೆ, 1630ರ ದಶಕದಲ್ಲಿ, ಇದೇ ಊರಲ್ಲಿ ಬೇಸಾಯ ಮಾಡಿಕೊಂಡಿದ್ದವನು.

ಆದರೆ ಬಸ್ ಚಾರ್ಜಿಗೆ ನ್ಯಾಯ ಸಿಕ್ಕಿದ್ದು ಸೇತುವೆಯಲ್ಲಿ. 15ನೇ ಶತಮಾನದ ಕಲ್ಲಿನ ಸೇತುವೆ, ಅದರ ನಡುವೆ ನೀರಿನ ಮೇಲೇ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಮುಂದೆ ಅದೇ ಕಟ್ಟಡ ಹೆಂಡದಂಗಡಿಯಾಗಿ ‘ಲಿಟಲ್ ಹೆಲ್’ ಅಂತ ಹೆಸರು ಮಾಡಿತಂತೆ! 1736ರಲ್ಲಿ ಅದರ ಮೇಲೆ ಎರಡು ಮಹಡಿ ಏರಿಸಿದ್ದರು, 1930ರಲ್ಲಿ ಇಳಿಸಿದರು.

"ಆ ಕಡೆಯ ಎರಡು ಕಮಾನು ಬೇರೆ ಥರ ಇವೆ, ಅಲ್ವಾ?" ಅಂದಳು ಅಮ್ಮ. ನಾನು ಗಮನಿಸಿರಲೇ ಇಲ್ಲ. ನಾಲ್ಕು ಕಮಾನಿನ ತುದಿ ಚೂಪು, ದಕ್ಷಿಣದ ಎರಡು ಮಾತ್ರ ದುಂಡಗೆ. ಅಂತರ್ಯುದ್ಧದಲ್ಲಿ ರಾಜನ ಸೈನ್ಯ ದಾಟಬಾರದು ಅಂತ ಕ್ರಾಮ್‌ವೆಲ್ ಕಡೆಯವರು ಅಲ್ಲಿ ಸೇತುವೆ ಮುರಿದು, ಬೇಕಾದಾಗ ಎತ್ತುವ ಹಾಗೆ ಹಲಗೆ ಹಾಕಿದ್ದರು. ಕಲ್ಲಿನ ಕಮಾನು ಮತ್ತೆ ಎದ್ದಿದ್ದು 1716ರಲ್ಲಿ. ಅಷ್ಟೊತ್ತಿಗೆ ಕಟ್ಟುವವರ ರೀತಿಯೇ ಬದಲಾಗಿತ್ತು.

ಕೆಳಗೆ ಕೀ ಎನ್ನುವ ಕಲ್ಲುಕಟ್ಟೆಯ ಮೇಲೆ, ಹಂಸಗಳ ಎದುರು ಕೂತು ಚೀಲ ಬಿಚ್ಚಿದೆವು. ಬುಟ್ಟಿಯ ತಳದ ಮೂರು ಪ್ಲಮ್ ಕೊಳೆತಿದ್ದವು. ಕೊಸರು ಹಾಕಿದ ಎರಡು ಮಾತ್ರ ಜೇನು. ಅಮ್ಮ ಸೆರಗು ಬಿಗಿದು ವಾಪಸ್ ಹೊರಟಳು. ನಾವು ಹೋಗುವಷ್ಟರಲ್ಲಿ ಅಂಗಡಿಯವನು ಎಲ್ಲ ಮಡಚಿ ವ್ಯಾನಿಗೆ ತುಂಬಿಯಾಗಿತ್ತು. ನೀವು ಬೆಳಿಗ್ಗೆಯೇ ಹೋಗಿ. ಜೇಬಲ್ಲಿ ಚಿಲ್ಲರೆ ಇರಲಿ.