ಮನೆಗೆ ಸ್ಮಾರ್ಟ್‌ ಇವಿ ಚಾರ್ಜರ್‌: ಬೆಸ್ಕಾಂ ಬಿಲ್‌ ಮುಂದಿಟ್ಟುಕೊಂಡು ಒಂದು ಲೆಕ್ಕ

ಮಾರುವವರ ಮಾತು ಹೆಚ್ಚುಕಡಿಮೆ ಒಂದೇ: "ರಾತ್ರಿ ಕರೆಂಟ್‌ ಅಗ್ಗ ಇರೋವಾಗ ತಾನಾಗೇ ಚಾರ್ಜ್‌ ಶುರು ಮಾಡುತ್ತೆ ಸಾರ್‌, ಹಾಕಿದ ದುಡ್ಡು ವಾಪಸ್‌ ಬಂದುಬಿಡುತ್ತೆ." ಲಂಡನ್ನಿನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ಇರುವ ಕನ್ನಡಿಗರಿಗೆ ಈ ಮಾತು ನಿಜ. ಅಲ್ಲಿ 2025ರಲ್ಲಿ ಹಗಲಿನ ಯೂನಿಟ್‌ ಸುಮಾರು 25 ಪೆನ್ಸ್‌ ಇದ್ದರೆ, ಆಕ್ಟೋಪಸ್‌ ಎಂಬ ವಿದ್ಯುತ್‌ ಕಂಪನಿಯ ಇವಿ ಪ್ಲಾನ್‌ನಲ್ಲಿ ರಾತ್ರಿ ಯೂನಿಟ್‌ ಸುಮಾರು 7 ಪೆನ್ಸ್‌. ಬೆಂಗಳೂರಿನ ಮನೆ ಮೀಟರ್‌ಗೆ ಮಾತ್ರ ಹಗಲು ರಾತ್ರಿ ಎಂಬ ಭೇದವೇ ಇಲ್ಲ. 2025-26ರ ದರಪಟ್ಟಿಯಂತೆ ಗೃಹಬಳಕೆಯ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ಶೇ 9 ತೆರಿಗೆ, ಜೊತೆಗೆ ವಿದ್ಯುತ್‌ ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು 36 ಪೈಸೆ. ಎಲ್ಲ ಸೇರಿ ಸುಮಾರು 6.70. ಮಧ್ಯಾಹ್ನ ಮೂರಕ್ಕೆ ಹಾಕಿದರೂ ಅಷ್ಟೇ, ಬೆಳಗಿನ ಜಾವ ಮೂರಕ್ಕೆ ಹಾಕಿದರೂ ಅಷ್ಟೇ. ಆ್ಯಪ್‌ನಲ್ಲಿ ಟೈಮರ್‌ ಎಷ್ಟು ಚಂದ ಇದ್ದರೂ ಬಿಲ್‌ನಲ್ಲಿ ಒಂದು ಪೈಸೆ ಕಮ್ಮಿಯಾಗದು.

ಗಡಿ ದಾಟಿದರೆ ಲೆಕ್ಕ ಬೇರೆ. ಕಾಸರಗೋಡಿನಲ್ಲಿ ತಿಂಗಳಿಗೆ 250 ಯೂನಿಟ್‌ ಮೀರುವ ಮನೆಗಳಿಗೆ ಸಂಜೆ 6ರಿಂದ 10ರವರೆಗೆ ದರ ಶೇ 25 ಜಾಸ್ತಿ, ಹಗಲಲ್ಲಿ ಶೇ 10 ಕಡಿಮೆ. ಆದರೆ ಆ ನಾಲ್ಕು ಗಂಟೆ ತಪ್ಪಿಸಲು ಸ್ಮಾರ್ಟ್‌ ಚಾರ್ಜರ್ರೇ ಬೇಕೆಂದಿಲ್ಲ. ಬಹುತೇಕ ಕಾರುಗಳ ಪರದೆಯಲ್ಲೋ ಆ್ಯಪ್‌ನಲ್ಲೋ ಟೈಮರ್‌ ಮೊದಲೇ ಇರುತ್ತದೆ.

ಇನ್ನು ಬಿಲ್‌ನ ಮೇಲ್ಭಾಗಕ್ಕೆ ಬರೋಣ; ದುಡ್ಡು ಸೋರುವುದು ಅಲ್ಲಿ. ಅದೇ 2025-26ರ ದರಪಟ್ಟಿಯಲ್ಲಿ ನಿಗದಿತ ಶುಲ್ಕ ಮಂಜೂರಾದ ಲೋಡ್‌ನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ. ಮನೆಗೆ 3 ಕಿಲೋವಾಟ್‌ ಇದೆ ಅಂದುಕೊಳ್ಳಿ. 7.2 ಕಿಲೋವಾಟ್‌ ಚಾರ್ಜರ್‌ ಹಾಕಲು ಅದನ್ನು 8ಕ್ಕೆ ಏರಿಸಿದರೆ ತಿಂಗಳಿಗೆ 725 ರೂಪಾಯಿ ಹೆಚ್ಚು, ವರ್ಷಕ್ಕೆ 8,700. ಕಾರು ಓಡಲಿ, ಶೆಡ್‌ನಲ್ಲಿ ನಿಂತಿರಲಿ, ಇದು ತಪ್ಪಿದ್ದಲ್ಲ. ಲೋಡ್‌ ಏರಿಸದೆ ಕದ್ದುಮುಚ್ಚಿ ಹಾಕಿದರೆ ಮೀಟರ್‌ನಲ್ಲಿ ಗರಿಷ್ಠ ಬೇಡಿಕೆ ದಾಖಲಾಗುತ್ತದೆ, ಮುಂದಿನ ಬಿಲ್‌ ಸುಮ್ಮನಿರುವುದಿಲ್ಲ.

ಸ್ಮಾರ್ಟ್‌ ಚಾರ್ಜರ್‌ ಕೆಲಸಕ್ಕೆ ಬರುವುದು ಇಲ್ಲೇ. ಒಳ್ಳೆಯ ಮಾಡೆಲ್‌ಗಳಲ್ಲಿ ಮೇನ್‌ ವೈರ್‌ಗೆ ಬಳೆಯಂತೆ ತೊಡಿಸುವ ಒಂದು ಸಿಟಿ ಕ್ಲ್ಯಾಂಪ್‌ ಇರುತ್ತದೆ. ಮನೆ ಎಷ್ಟು ಆಂಪಿಯರ್‌ ಎಳೆಯುತ್ತಿದೆ ಎಂದು ಅದು ನೋಡುತ್ತಿರುತ್ತದೆ, ಉಳಿದದ್ದನ್ನು ಮಾತ್ರ ಚಾರ್ಜರ್‌ ಕಾರಿಗೆ ಕೊಡುತ್ತದೆ. ಲೋಡ್‌ 5 ಕಿಲೋವಾಟ್‌, ಮಿತಿ 20 ಆಂಪಿಯರ್‌ ಎಂದು ಇಟ್ಟರೆ ರಾತ್ರಿ ಫ್ರಿಜ್‌, ಫ್ಯಾನ್‌ ಬಿಟ್ಟು 17 ಆಂಪಿಯರ್‌ ಕಾರಿಗೆ. ಬೆಳಿಗ್ಗೆ ಯಾರೋ ಗೀಸರ್‌ ಹಾಕಿದರೆ ಕಾರು 8ಕ್ಕೆ ಇಳಿಯುತ್ತದೆ. ಪಾಲು 6 ಆಂಪಿಯರ್‌ಗಿಂತ ಕೆಳಗೆ ಬಂದರೆ ಚಾರ್ಜಿಂಗ್‌ ನಿಂತು, ಗೀಸರ್‌ ಆರಿದ ಮೇಲೆ ಮತ್ತೆ ಶುರು. 8ರ ಬದಲು 5 ಕಿಲೋವಾಟ್‌ ಸಾಕಾದ್ದರಿಂದ ವರ್ಷಕ್ಕೆ 5,220 ರೂಪಾಯಿ ಉಳಿತಾಯ. ಕ್ಲ್ಯಾಂಪ್‌ ಇಲ್ಲದ, ಬರೀ ವೈಫೈ ಇರುವ ಚಾರ್ಜರ್‌ಗೆ "ಸ್ಮಾರ್ಟ್‌" ಎಂದು ಹೆಚ್ಚು ದುಡ್ಡು ಕೊಡುವುದು ದಂಡ.

ಆದರೂ ಒಂದು ತಕರಾರಿದೆ. ಕಾರಿನ ಜೊತೆ ಬರುವ 15 ಆಂಪಿಯರ್‌ ಕೇಬಲ್‌ ಸುಮಾರು 3 ಕಿಲೋವಾಟ್‌ ಎಳೆಯುತ್ತದೆ. ರಾತ್ರಿ ಎಂಟು ಗಂಟೆಗೆ 24 ಯೂನಿಟ್‌, ಶೇ 12ರಷ್ಟು ನಷ್ಟ ಕಳೆದರೂ ನೆಕ್ಸಾನ್‌ನಂಥ ಕಾರಿಗೆ 140-150 ಕಿಲೋಮೀಟರ್‌. ವೈಟ್‌ಫೀಲ್ಡ್‌ನಿಂದ ಕೆಂಗೇರಿಗೆ ದಿನಾ ಹೋಗಿಬರುವವರಿಗೂ ಇದು ಮಿಕ್ಕುತ್ತದೆ. ಮಹೀಂದ್ರ ತನ್ನ ಬಿಇ 6ರ ಜೊತೆ 7.2 ಕಿಲೋವಾಟ್‌ ಚಾರ್ಜರ್‌ಗೆ 50,000, 11.2ಕ್ಕೆ 75,000 ರೂಪಾಯಿ ಬೆಲೆ ಇಟ್ಟಿತ್ತು. ವೇಗದ ಚಾರ್ಜರ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್‌ ಕಡಿಮೆ ಹೊತ್ತು ಎಚ್ಚರವಿರುವುದರಿಂದ ತಿಂಗಳಿಗೆ ಏಳೆಂಟು ಯೂನಿಟ್‌ ಉಳಿಯಬಹುದು, ಅಂದರೆ ಐವತ್ತು ರೂಪಾಯಿ. ಚಾರ್ಜರ್‌ ಗೋಡೆ ಮೇಲೆ ಸುಮ್ಮನೆ ಕೂತು ನಾಲ್ಕು ವಾಟ್‌ ತಿಂದರೂ ವರ್ಷಕ್ಕೆ 35 ಯೂನಿಟ್‌ ಅದರಲ್ಲೇ ಹೋಗುತ್ತದೆ. ಎರಡು ಇವಿ ಇರುವ ಮನೆ, ದಿನಾ 200 ಕಿಲೋಮೀಟರ್‌ ಓಡುವ ಕಾರು, ಇವೆರಡು ಬಿಟ್ಟರೆ ಬೇರೆಯವರಿಗೆ ಈ ಹೂಡಿಕೆ ವಾಪಸ್‌ ಬರುವುದು ಕಷ್ಟ.

ಗೃಹಜ್ಯೋತಿಯ ಮನೆಗಳು ಇದಕ್ಕಿಂತ ದೊಡ್ಡ ಲೆಕ್ಕವೊಂದನ್ನು ಹಾಕಬೇಕು. ತಿಂಗಳಿಗೆ 110 ಯೂನಿಟ್‌ ಬಳಸಿ ಶೂನ್ಯ ಬಿಲ್‌ ಪಡೆಯುವ ಮನೆಗೆ ಕಾರು ಬಂತು, ಸಾವಿರ ಕಿಲೋಮೀಟರ್‌ ಓಡಿತು, 160 ಯೂನಿಟ್‌ ಸೇರಿತು. ಒಟ್ಟು 270. ಮಿತಿ 200, ದಾಟಿದರೆ ಪೂರ್ತಿ ಬಿಲ್‌ ಕಟ್ಟಬೇಕು. ಕಾರಿನ ಕರೆಂಟ್‌ಗೆ 1,070 ರೂಪಾಯಿ, ಇಲ್ಲಿಯವರೆಗೆ ಉಚಿತವಿದ್ದ 110 ಯೂನಿಟ್‌ ಮತ್ತು ನಿಗದಿತ ಶುಲ್ಕಕ್ಕೆ ಇನ್ನೂ 1,170. ಇದನ್ನು ಯಾವ ಟೈಮರ್ರೂ ತಪ್ಪಿಸಲಾರದು.

ಇದಕ್ಕೆ ದಾರಿ, ಇವಿಗೆಂದೇ ಬೇರೆ ಆರ್‌ಆರ್‌ ನಂಬರ್‌, ಅಂದರೆ ಬೇರೆ ಮೀಟರ್‌ ಸಂಪರ್ಕ ತೆಗೆದುಕೊಳ್ಳುವುದು. ಎಲ್‌ಟಿ-6ಸಿ ಎಂಬ ಈ ವರ್ಗಕ್ಕೆ 2024ರ ದರಪಟ್ಟಿಯಲ್ಲಿ ಯೂನಿಟ್‌ಗೆ 4.50 ರೂಪಾಯಿ ಇತ್ತು, ನಿಗದಿತ ಶುಲ್ಕವೂ ಮನೆಯದ್ದಕ್ಕಿಂತ ಕಡಿಮೆ. ಮನೆಯ ಲೋಡ್‌ ಇದ್ದಷ್ಟೇ ಇರುತ್ತದೆ, ಗೃಹಜ್ಯೋತಿಗೂ ಧಕ್ಕೆಯಿಲ್ಲ. ಅರ್ಜಿ ಹಾಕುವ ಮುನ್ನ ಉಪವಿಭಾಗದ ಕಚೇರಿಯಲ್ಲಿ ಚಾಲ್ತಿ ದರ, ಠೇವಣಿ ಎರಡನ್ನೂ ಕೇಳಿಕೊಳ್ಳಿ. ವೈರಿಂಗ್‌ ವರದಿಗೆ ಲೈಸೆನ್ಸ್‌ ಇರುವ ಕಂಟ್ರಾಕ್ಟರ್‌ ಸಹಿ ಬೇಕು.

ಚಾವಣಿ ಸೋಲಾರ್‌ ಇದ್ದು ನೆಟ್‌ ಮೀಟರಿಂಗ್‌ ಇದ್ದರೆ "ಬಿಸಿಲಿನ ಹಿಂದೆ ಹೋಗುವ" ಸ್ಮಾರ್ಟ್‌ ಸೌಲಭ್ಯವೂ ಬೇಡ. ಹಗಲು ಗ್ರಿಡ್‌ಗೆ ಕೊಟ್ಟ ಯೂನಿಟ್‌ ರಾತ್ರಿಯ ಬಳಕೆಯಲ್ಲಿ ವಜಾ ಆಗುತ್ತದೆ. ಆ ಮನೆಯವರು ಬೇರೆ ಇವಿ ಮೀಟರ್‌ ತೆಗೆದುಕೊಂಡರೆ ಮಾತ್ರ ಸೋಲಾರ್‌ ಒಂದು ಕಡೆ, ಕಾರು ಇನ್ನೊಂದು ಕಡೆ ಆಗುತ್ತದೆ. ಅವರು ಮನೆ ಮೀಟರ್‌ನಲ್ಲೇ ಇರುವುದು ಲೇಸು.

ಅಳವಡಿಕೆಯಲ್ಲಿ ಜಿಪುಣತನ ಬೇಡ. 32 ಆಂಪಿಯರ್‌ ಎಳೆಯುವ 7.2 ಕಿಲೋವಾಟ್‌ ಚಾರ್ಜರ್‌ಗೆ ಕನಿಷ್ಠ 6 ಚದರ ಮಿಲಿಮೀಟರ್‌ ತಾಮ್ರದ ವೈರ್‌; ಮೀಟರ್‌ ಬೋರ್ಡ್‌ ದೂರವಿದ್ದರೆ 10. ಅದಕ್ಕೇ ಮೀಸಲಾದ 40 ಆಂಪಿಯರ್‌ ಎಂಸಿಬಿ. ಆರ್‌ಸಿಸಿಬಿ (ಕರೆಂಟ್‌ ಸೋರಿದರೆ ತಾನಾಗೇ ಕಡಿತ ಮಾಡುವ ಸ್ವಿಚ್‌) ಟೈಪ್‌ ಎ ಆದರೆ ಚಾರ್ಜರ್‌ ಒಳಗೆ 6 ಮಿಲಿಆಂಪಿಯರ್‌ ಡಿಸಿ ಸೋರಿಕೆ ಪತ್ತೆ ಇರಬೇಕು, ಇಲ್ಲವಾದರೆ ಟೈಪ್‌ ಬಿ. ಚಾರ್ಜರ್‌ಗೆ ಜಿಎಸ್‌ಟಿ ಶೇ 5, ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ವೈರ್‌, ಎಂಸಿಬಿಗೆ ಶೇ 18. ಕೊಟೇಶನ್‌ನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿ. 15 ಆಂಪಿಯರ್‌ ಕೇಬಲ್ಲೇ ಸಾಕು ಎನ್ನುವವರು ಅಡುಗೆಮನೆಯ ಹಳೇ ಪವರ್‌ ಸಾಕೆಟ್‌ಗೆ ಚುಚ್ಚಬೇಡಿ. ಮಿಕ್ಸಿ ಐದು ನಿಮಿಷ ಓಡುತ್ತದೆ, ಕಾರು ಎಂಟು ಗಂಟೆ. ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಪ್ಲಾಸ್ಟಿಕ್‌ ಕಂದಾಗಿ, ಆಮೇಲೆ ಕರಗುತ್ತದೆ. ಕಾರಿಗೆಂದೇ ಗಟ್ಟಿಮುಟ್ಟಾದ ಹೊಸ ಸಾಕೆಟ್‌ ಹಾಕಿಸಿ.

ಕೆಂಪು ದೀಪ ಹತ್ತಿ ಚಾರ್ಜ್‌ ಆಗದಿದ್ದರೆ ಬಹಳಷ್ಟು ಸಲ ಅರ್ಥಿಂಗ್‌ ಕಾರಣ. ಬೇಸಿಗೆಯಲ್ಲಿ ಅರ್ಥಿಂಗ್‌ ಗುಂಡಿಯ ಮಣ್ಣು ಒಣಗುತ್ತದೆ. ನ್ಯೂಟ್ರಲ್‌ ಮತ್ತು ಅರ್ಥ್‌ ನಡುವೆ ಮಲ್ಟಿಮೀಟರ್‌ ಇಟ್ಟಾಗ 5 ವೋಲ್ಟ್‌ ಮೀರಿದರೆ ಮೊದಲು ಗುಂಡಿಗೆ ನೀರು ಹಾಕಿ ನೋಡಿ.

ಬೇಸ್‌ಮೆಂಟ್‌ನಲ್ಲಿ ವೈಫೈ ತಲುಪದಿದ್ದರೆ "ಸ್ಮಾರ್ಟ್‌" ಎಂಬುದು ಹೆಸರಿಗಷ್ಟೇ. ಕೆಲವು ಚಾರ್ಜರ್‌ಗಳು ಕರೆಂಟ್‌ ಹೋಗಿ ಬಂದ ಮೇಲೆ ಸಮಯ ಮರೆತು ಆ್ಯಪ್‌ನ ಅಪ್ಪಣೆಗೆ ಕಾಯುತ್ತವೆ. ಬೆಳಿಗ್ಗೆ ಬಂದರೆ ಕಾರು ಖಾಲಿ. ಕಾರಿನಲ್ಲೊಂದು, ಚಾರ್ಜರ್‌ನಲ್ಲೊಂದು ಟೈಮರ್‌ ಇಟ್ಟರೂ ಇದೇ ಗತಿ: ಒಂದು ಏಳುವಾಗ ಇನ್ನೊಂದು ಮಲಗಿರುತ್ತದೆ. ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ. ನೆಟ್‌ ಇಲ್ಲದೆಯೂ ಪ್ಲಗ್‌ ಹಾಕಿದ ಕೂಡಲೇ ಚಾರ್ಜ್‌ ಆಗುತ್ತದೆಯೇ? ಒಸಿಪಿಪಿ 1.6 (ಬೇರೆ ಬೇರೆ ಕಂಪನಿಗಳ ಚಾರ್ಜರ್‌ ಮತ್ತು ಸರ್ವರ್‌ ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ) ಇದ್ದು, ಸರ್ವರ್‌ ವಿಳಾಸ ನಾವೇ ಬದಲಿಸಬಹುದೇ? ಎರಡನೆಯದಕ್ಕೆ "ಇಲ್ಲ" ಎಂದರೆ, ಕಂಪನಿ ಬಾಗಿಲು ಹಾಕಿದ ದಿನ ಆ್ಯಪ್‌ ಕೂಡ ಬಾಗಿಲು ಹಾಕುತ್ತದೆ.