ಮುದ್ರಣಕ್ಕೆ ನಾಲ್ಕೂವರೆ, ಅಕ್ಷರ ಜೋಡಣೆಗೆ ಒಂದು

ಶಿರಸಿ ಬಿಡ್ಕಿಬೈಲಿನ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಟೀ ಶರ್ಟ್ ಮುದ್ರಿಸಿಕೊಂಡೆ. ಹೆಸರು ಹಾಕುವುದಿಲ್ಲ, ಜನ ಒಳ್ಳೆಯವರು. ಅಂಕಗಳು ಐದಕ್ಕೆ.

ಮುದ್ರಿಸಲು ಕೊಟ್ಟದ್ದು ಸಿ ಎಂಬ ಕಂಪ್ಯೂಟರ್ ಭಾಷೆಯ ಒಂದು ತರಲೆ ಪ್ರೋಗ್ರಾಂ. ಅದರ ಕೆಲಸ ಮಾರ್ಕ್‌ಡೌನ್ ಬರಹವನ್ನು (ಒತ್ತು ಬೇಕಾದ ಪದದ ಆಚೀಚೆ ನಕ್ಷತ್ರ ಚಿಹ್ನೆ ಹಾಕುವಂಥ ಸರಳ ಬರಹ) ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಮಾಡುವುದು, ಆಕಾರ ಬಡಗುತಿಟ್ಟು ಯಕ್ಷಗಾನದ ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರದ್ದು. ಬೇಕೆಂದೇ ಗೋಜಲಾಗಿ ಸಿ ಕೋಡ್ ಬರೆಯುವವರಿಗೆ 1984ರಿಂದ ಅಂತರರಾಷ್ಟ್ರೀಯ ಸ್ಪರ್ಧೆಯೇ ಇದೆ. ನನ್ನದು ಅಲ್ಲಿಗೆ ಹೋಗುವ ಮಾಲಲ್ಲ, ಅಂಗಿಗೆ ಸಾಕು. ಆದರೂ ಒಂದು ಜಾಗದ ಬಗ್ಗೆ ನನಗೆ ಜಂಬವಿದೆ. ಎಚ್‌ಟಿಎಂಎಲ್‌ನಲ್ಲಿ ಒತ್ತು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹೇಳುವ ಗುರುತಿಗೆ ಟ್ಯಾಗ್ ಎನ್ನುತ್ತಾರೆ, ಮುಚ್ಚುವ ಟ್ಯಾಗಿಗೆ ಮಾತ್ರ ಒಂದು ಓರೆಗೆರೆ ಹೆಚ್ಚು. ಟ್ಯಾಗ್ ತೆರೆಯುವುದಕ್ಕೂ ಮುಚ್ಚುವುದಕ್ಕೂ ಅಲ್ಲಿ ಒಂದೇ ಸ್ಟ್ರಿಂಗ್ (ಅಕ್ಷರಗಳ ಸಾಲು), ಅದು ಶುರುವಾಗುವುದೇ ಓರೆಗೆರೆಯಿಂದ. ನಕ್ಷತ್ರ ಚಿಹ್ನೆ ಸಿಕ್ಕಾಗಲೆಲ್ಲ ಒಂದು ಬಿಟ್ ಮಗುಚಿ (ಸೊನ್ನೆಯಿದ್ದರೆ ಒಂದು, ಒಂದಿದ್ದರೆ ಸೊನ್ನೆ ಮಾಡಿ), ಸ್ಟ್ರಿಂಗಿನ ವಿಳಾಸಕ್ಕೆ, ಅಂದರೆ ಅದನ್ನು ಓದಲು ಶುರುಮಾಡುವ ಜಾಗಕ್ಕೆ, ಕೂಡಿಸುತ್ತೇನೆ. ಬಿಟ್ ಒಂದಾದರೆ ಓರೆಗೆರೆಯನ್ನು ದಾಟಿ ಓದುತ್ತದೆ, ಟ್ಯಾಗ್ ತೆರೆಯುತ್ತದೆ. ಸೊನ್ನೆಯಾದರೆ ಓರೆಗೆರೆ ಸಮೇತ ಬಂದು ಮುಚ್ಚುತ್ತದೆ. ಹೀಗಾದರೆ ಹಾಗೆ ಮಾಡು ಎನ್ನುವ ‘ಇಫ್’ ಎಂಬುದು ಹುಡುಕಿದರೂ ಸಿಗದು.

ಮೊದಲ ಪ್ರೂಫಿನಲ್ಲಿ ನೇರ ಉದ್ಧರಣ ಚಿಹ್ನೆಗಳೆಲ್ಲ ಬಾಗಿದ್ದವು. ಎರಡು ಮೈನಸ್ ಕೂಡಿಕೊಂಡು ಒಂದು ಉದ್ದ ಗೆರೆಯಾಗಿತ್ತು. ಇವೆರಡೂ ಸಿ ಭಾಷೆಗೆ ಅರ್ಥವಾಗದವು. ಕೋಡಿನ ತುಂಡಿಗೆ ಅಡ್ಡಹೆಸರು ಕೊಡುವ ‘ಡಿಫೈನ್’ ಸಾಲು ನಡುವೆ ಮುರಿದಿತ್ತು. ಸಿ ಭಾಷೆ ಬಹುತೇಕ ಕಡೆ ಸಾಲು ಮುರಿದರೂ ಸಹಿಸುತ್ತದೆ, ಅಲ್ಲಿ ಮಾತ್ರ ಬಿಲ್‌ಕುಲ್ ಇಲ್ಲ. ಕಂಪ್ಯೂಟರಿನ ಮುಂದಿದ್ದ ಹುಡುಗ, “ಹೆಗಡೆಯವರೇ, ತುಂಬಾ ತಪ್ಪಿತ್ತು, ಆದಷ್ಟು ತಿದ್ದಿದ್ದೇನೆ” ಎಂದ. ಅವನ ಶ್ರದ್ಧೆಯನ್ನು ಬೈಯುವುದಾದರೂ ಹೇಗೆ? ಎರಡನೆಯ ಪ್ರೂಫ್ ಬಂದದ್ದು ಹಳೆಯ ನುಡಿ ಫಾಂಟಿನಲ್ಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುವ ಫಾಂಟ್ ಅದು. ಇಡೀ ಪ್ರೋಗ್ರಾಂ ದೀರ್ಘ, ಕೊಂಬು, ಒತ್ತುಗಳ ಜಾತ್ರೆಯಾಗಿ, ಗೋಜಲಿನಲ್ಲಿ ನನ್ನನ್ನೇ ಮೀರಿಸಿತ್ತು. ಅದನ್ನೂ ಒಂದು ಪ್ರತಿ ಕೇಳಿ ಇಟ್ಟುಕೊಂಡಿದ್ದೇನೆ.

ಕೊನೆಗೆ ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ದೆ. ಆಮೇಲಿನ ಕೆಲಸಕ್ಕೆ ಹೆಸರಿಡುವಂತಿಲ್ಲ. ಅಲ್ಪವಿರಾಮ ಮತ್ತು ಅರ್ಧವಿರಾಮಗಳ ವ್ಯತ್ಯಾಸ ಕೈಯಳತೆಯ ದೂರದಿಂದಲೂ ಕಾಣುತ್ತದೆ. ಮಳೆಗಾಲದಲ್ಲಿ ಅಟ್ಟದ ಹಗ್ಗದ ಮೇಲೆ ದಿನಗಟ್ಟಲೆ ಒಣಗಿದರೂ ಬಣ್ಣ ಬಿರುಕು ಬಿಟ್ಟಿಲ್ಲ. ಗೆಳೆಯನೊಬ್ಬ ಅಂಗಿ ನೋಡಿಕೊಂಡೇ ಟೈಪ್ ಮಾಡಿ ಕಂಪೈಲ್ ಮಾಡಿದ, ಓಡಿತು. ಬೆಲೆ 350 ರೂಪಾಯಿ, ಬಟ್ಟೆ ಸೇರಿ.

ಕೋಡ್ ಮುದ್ರಿಸುವವರು ವರ್ಡ್ ಫೈಲ್ ಒಯ್ಯಬೇಡಿ. ಎಲ್ಲ ಅಕ್ಷರಕ್ಕೂ ಒಂದೇ ಅಗಲವಿರುವ ಫಾಂಟ್ ಆರಿಸಿ, ಅದನ್ನು ಪಿಡಿಎಫ್ ಒಳಗೇ ಸೇರಿಸಿ. ಮದುವೆಯ ಕಾಲದಲ್ಲಿ ಹೋದರೆ ಆಮಂತ್ರಣ ಪತ್ರಿಕೆಗಳೆಲ್ಲ ಮುಗಿಯುವ ತನಕ ನಿಮ್ಮ ಸರದಿ ಬರುವುದಿಲ್ಲ.